ಟಿಕೆಟ್ ಉಚಿತ, ಸರಿ. ಬಸ್ಸು?

ನಾನು ಮಂಡ್ಯದಿಂದ ಮೈಸೂರಿಗೆ ಕೆಲಸಕ್ಕೆ ಹೋಗುವವಳು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾಯಿತು. ಆಧಾರ್ ತೋರಿಸಿದರೆ ಶೂನ್ಯ ಟಿಕೆಟ್. ಉಳಿದ ದುಡ್ಡು ಮಗಳ ಟ್ಯೂಷನ್‌ಗೆ ಹೋಗುತ್ತದೆ. ಇದನ್ನು ಬಿಟ್ಟಿ ಅಂತ ಹೀಯಾಳಿಸುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಆದರೆ ಬಸ್ಸುಗಳೂ ಜಾಸ್ತಿ ಆಗಬೇಕಲ್ವಾ? ಬೆಳಿಗ್ಗೆ ಕಾಲಿಡಲು ಜಾಗ ಇರುವುದಿಲ್ಲ. ಕಾಲೇಜು ಹುಡುಗಿಯರು ಬಾಗಿಲಲ್ಲೇ ನೇತಾಡುತ್ತಾರೆ.

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕ್ಯಾಮೆರಾ ಹಾಕಿ, 100 ಕಿ.ಮೀ. ವೇಗ ಮೀರಿದವರಿಗೆ ದಂಡ ಹಾಕುತ್ತಿರುವುದು ಒಳ್ಳೇ ಕೆಲಸ. ಮೆಚ್ಚಲೇಬೇಕು. 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್ ಮುಖ್ಯ ರಸ್ತೆಗೆ ಬರುವಂತಿಲ್ಲ. ಅದೂ ಸರಿಯೇ. ಆದರೆ ಮನೆ ಈಚೆ, ಗದ್ದೆ ಆಚೆ ಇರುವ ರೈತ ಏನು ಮಾಡಬೇಕು? ಮೇವಿನ ಹೊರೆ ಹೊತ್ತು ಸುತ್ತಿ ಬರುವ ಹೆಂಗಸರನ್ನು ಕಿಟಕಿಯಿಂದ ನೋಡುತ್ತಿರುತ್ತೇನೆ. ರಸ್ತೆಯ ನಕ್ಷೆ ಬರೆಯುವಾಗಲೇ ಊರಿನವರನ್ನು ಕೂರಿಸಿಕೊಂಡು ಕೇಳಬೇಕಿತ್ತು.

ಮೈಸೂರಿನಲ್ಲಿ ನಗರ ಸುಧಾರಣೆಗೆಂದೇ 1903ರಲ್ಲಿ ಟ್ರಸ್ಟ್ ಬೋರ್ಡ್ ಆಗಿತ್ತು. ಅಂಥ ಊರಿನ ಹೊರವಲಯದಲ್ಲಿ ಈಗ ಮೊದಲು ಸೈಟು, ಆಮೇಲೆ ಚರಂಡಿ. ಬೀದಿದೀಪ ಇಲ್ಲದ ಕಡೆ ಸರಗಳ್ಳರ ಭಯ ಬೇರೆ. ಬಡಾವಣೆಗೆ ಒಪ್ಪಿಗೆ ಕೊಡುವ ಮುಂಚೆಯೇ ದೀಪ ಹಾಕಿಸಲಿ, ಬಸ್ ನಿಲ್ದಾಣಕ್ಕೆ ಜಾಗ ಬಿಡಿಸಲಿ.