ಯಾರೂ ಕೇಳದ ಶನಿವಾರ

ಹಾಸ್ಟೆಲ್‌ಗೆ ಬಂದ ಹೊಸದರಲ್ಲಿ ನನಗೆ ತುಂಬಾ ಇಷ್ಟವಾಗಿದ್ದು ಒಂದೇ ವಿಷಯ. ಎಲ್ಲಿಗೆ ಹೊರಟೆ, ಎಷ್ಟೊತ್ತಿಗೆ ಬರ್ತೀಯ ಅಂತ ಕೇಳುವವರಿಲ್ಲ. ಹಾಗಾಗಿ ಮನಸ್ಸಿಗೆ ಬಂದಿದ್ದಕ್ಕೆಲ್ಲ ಹೂಂ ಅಂದೆ. ನಾಟಕದ ತಂಡ ಸೇರಿದೆ. ಪಕ್ಕದ ಬೀದಿಯ ಹುಡುಗನೊಬ್ಬನಿಗೆ ಪಾಠ ಹೇಳಿಕೊಡಲು ಒಪ್ಪಿಕೊಂಡೆ. ಎರಡೂ ನನಗೆ ನಿಜವಾಗಿ ಬೇಕಾಗಿದ್ದವು.

ಆ ಶನಿವಾರ ಎಲ್ಲವೂ ಒಟ್ಟಿಗೆ ಬಂದವು. ಸೋಮವಾರ ಮನಶ್ಶಾಸ್ತ್ರದ ಪ್ರಾಕ್ಟಿಕಲ್ ರೆಕಾರ್ಡ್ ಕೊಡಬೇಕು. ಅದೇ ದಿನ ಹುಡುಗನಿಗೆ ಪರೀಕ್ಷೆ. ಶನಿವಾರ ಮಧ್ಯಾಹ್ನವೇ ನಾಟಕದ ಪಾತ್ರ ಹಂಚುತ್ತಾರೆ. ರೂಮ್‌ಮೇಟ್ ಬೇರೆ, ಸುತ್ತಾಡಿ ಬರೋಣ ಬಾ ಅಂತ ಒಂದೇ ಸಮನೆ ಕರೆಯುತ್ತಿದ್ದಳು.

ಮೊದಲು ರೆಕಾರ್ಡ್ ಹಿಡಿದು ಕೂತೆ. ನಮ್ಮ ಪ್ರಯೋಗ ಮರೆವಿನ ಬಗ್ಗೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವೇ ಇಲ್ಲದ ಪುಟ್ಟ ಪದಗಳನ್ನು ತಾವೇ ಬಾಯಿಪಾಠ ಮಾಡಿ, ಮರೆವನ್ನು ಅಳೆದು, 1885ರಲ್ಲಿ ಪುಸ್ತಕ ಬರೆದರು. ಕಲಿತ ಪಟ್ಟಿಯನ್ನು 20 ನಿಮಿಷದ ನಂತರ ಮತ್ತೆ ಕಲಿತಾಗ ಅವರಿಗೆ ಮೊದಲ ಸಲದ ಶ್ರಮದಲ್ಲಿ ಸುಮಾರು 58% ಉಳಿತಾಯವಾಯಿತು. ಒಂದು ದಿನ ಕಳೆದು ಕಲಿತಾಗ ಉಳಿತಾಯವಾದದ್ದು ಸುಮಾರು 34%. ಗ್ರಾಫ್ ಹಾಳೆಯ ಮೇಲೆ ನಮ್ಮ ಚುಕ್ಕಿಗಳನ್ನು ಒಂದೊಂದಾಗಿ ಇಟ್ಟೆ. ಅವೂ ಮೊದಲು ಸರ್ರನೆ ಕೆಳಗಿಳಿದವು, ಆಮೇಲೆ ನಿಧಾನವಾದವು. ಪೆನ್ಸಿಲ್‌ನಲ್ಲಿ ಗೆರೆ ಸೇರಿಸುವಾಗ ಎಷ್ಟು ಖುಷಿಯಾಯಿತು ಗೊತ್ತಾ!

ಪಾಠದ ಯೋಚನೆ ಬಂದಿದ್ದೂ ಅಲ್ಲೇ. ಭಾನುವಾರ ಒಂದೇ ಸಲ ಮೂರು ಗಂಟೆ ಓದಿಸುವುದು ಅಂತ ಇತ್ತು. ಬಿಡುವು ಕೊಟ್ಟು ಮತ್ತೆ ಮತ್ತೆ ಓದಿದ್ದೇ ಜಾಸ್ತಿ ನಿಲ್ಲುತ್ತದೆ ಅಂತಲೂ ಎಬ್ಬಿಂಗ್‌ಹೌಸ್ ಬರೆದಿದ್ದರು ಅಲ್ವಾ? ಅವನ ಮನೆಗೆ ಫೋನ್ ಮಾಡಿ, ಇವತ್ತು ಸಂಜೆ ಒಂದು ಗಂಟೆ, ನಾಳೆ ಬೆಳಿಗ್ಗೆ ಒಂದು ಗಂಟೆ ಬರ್ತೀನಿ ಅಂದೆ. ಅವರಮ್ಮ ಖುಷಿಯಿಂದ ಒಪ್ಪಿದರು.

ಕಷ್ಟವಾಗಿದ್ದು ನಾಟಕದ್ದು. ದೊಡ್ಡ ಪಾತ್ರ ನನಗೇ ಅಂತ ಸೀನಿಯರ್ ಮೊದಲೇ ಹೇಳಿದ್ದರು. ಆಸೆಯೂ ಇತ್ತು. ಆದರೆ ತಿಂಗಳಿಡೀ ರಾತ್ರಿ ರಿಹರ್ಸಲ್ ಅಂದರೆ ನಿದ್ದೆಗೆ ಕತ್ತರಿ. ನಿದ್ದೆ ಬಿಟ್ಟು ಮಾಡುವ ಕೆಲಸದಲ್ಲಿ ನನಗೆ ನಂಬಿಕೆಯಿಲ್ಲ.

"ಅಕ್ಕಾ, ಈ ಸಲ ದೊಡ್ಡ ಪಾತ್ರ ನನ್ನ ಕೈಲಿ ಆಗಲ್ಲ. ಪರದೆ ಹಿಂದೆ ನಿಂತು ಮಾತು ಎತ್ತಿಕೊಡ್ತೀನಿ, ಆಗುತ್ತಾ?"

ಅವರು ಒಂದು ಕ್ಷಣ ಸುಮ್ಮನಿದ್ದರು. "ಈಗಲೇ ಹೇಳಿದ್ಯಲ್ಲ, ಒಳ್ಳೇದಾಯ್ತು. ಕಡೇ ವಾರದಲ್ಲಿ ಹೇಳಿದ್ರೆ ನಾನೇನು ಮಾಡ್ಬೇಕಿತ್ತು?"

ಸ್ವಲ್ಪ ಬೇಜಾರಾಯಿತು, ಅದಕ್ಕಿಂತ ಜಾಸ್ತಿ ಹಗುರವಾಯಿತು. ಯಾರದೋ ಅಪ್ಪಣೆಗೆ ಕಾಯದೆ, ಯಾರ ಮೇಲೂ ನೆಪ ಹೇಳದೆ, ನಾನೇ ತೂಗಿ ನೋಡಿ ಹೇಳಿದ ಮಾತು ಅದು. ಕೇಳುವವರಿಲ್ಲ ಅನ್ನುವ ಖುಷಿಗಿಂತ ಇದು ದೊಡ್ಡದಾಗಿತ್ತು.

ಪಾಠ ಮುಗಿಸಿ ಬಂದಾಗ ರೂಮ್‌ಮೇಟ್ ಇನ್ನೂ ಕಾಯುತ್ತಿದ್ದಳು. ರೆಕಾರ್ಡ್‌ನಲ್ಲಿ ಉಳಿದಿದ್ದ ಎರಡು ಪುಟವನ್ನು ಭಾನುವಾರ ಮಧ್ಯಾಹ್ನಕ್ಕೆ ಅಂತ ಬರೆದಿಟ್ಟು, ಚಪ್ಪಲಿ ಮೆಟ್ಟಿ ಅವಳ ಜೊತೆ ಹೊರಟೆ.