ಅಪಹರಿಸಿದ್ದು ಯಾರು?

ಬೆಳಿಗ್ಗೆ ಕಣ್ಣಿಗೆ ಬಿದ್ದ ಶೀರ್ಷಿಕೆ: 'ಅಪಹರಿಸಿದ ಬಾಲಕ ಪತ್ತೆ'.

ಬಾಲಕನೇ ಅಪಹರಿಸಿದನೋ, ಬಾಲಕನನ್ನು ಯಾರೋ ಅಪಹರಿಸಿದರೋ? ಕನ್ನಡದಲ್ಲಿ 'ಬರೆದ ಹುಡುಗ', 'ಬರೆದ ಪತ್ರ' ಎರಡಕ್ಕೂ ಒಂದೇ 'ಬರೆದ'. ಪತ್ರ ತಾನೇ ಬರೆಯದು, ಹಾಗಾಗಿ ಅಲ್ಲಿ ಗೊಂದಲವಿಲ್ಲ. ಇಲ್ಲಿ ಮಾತ್ರ ನೊಂದ ಮಗುವೇ ಆರೋಪಿಯಂತೆ ಕಾಣುತ್ತದೆ.

'ಅಪಹರಣಕ್ಕೊಳಗಾದ ಬಾಲಕ' ಅನ್ನಿ. ಜಾಗ ಸಾಲದಿದ್ದರೆ 'ಅಪಹೃತ ಬಾಲಕ'. ಎಷ್ಟು ಚೊಕ್ಕ ಪದ! 'ಹೃ' ಧಾತುವಿಗೆ ಒಯ್ಯು ಎಂಬರ್ಥ, 'ಅಪ' ಅಂದರೆ ದೂರ. 'ಅಪಹರಿತ' ಬೇಡ, 'ಹೃ'ದಿಂದ ಬರುವುದು 'ಹೃತ'.

ಹಣಕ್ಕೂ 'ಅಪಹರಣ' ಪದ ಸಲ್ಲುತ್ತದೆ: ಧನಾಪಹರಣ. ವಿಮಾನಕ್ಕೂ.

'ಒತ್ತೆಯಾಳು' ಬೇರೆ. ಬೇಡಿಕೆ ಈಡೇರಿಸಿಕೊಳ್ಳಲು ಹಿಡಿದಿಟ್ಟವರು ಮಾತ್ರ ಒತ್ತೆಯಾಳು. ಅಪಹೃತರೆಲ್ಲ ಒತ್ತೆಯಾಳುಗಳಲ್ಲ.

ಮಾತಿನಲ್ಲಿ 'ಎತ್ತಾಕ್ಕೊಂಡು ಹೋದ್ರು' ಸಾಕು. ಅಲ್ಲಿ 'ಮಗೂನ' ಅಂತ ವಿಭಕ್ತಿ ಇರುತ್ತೆ, ಅನುಮಾನಕ್ಕೆ ಎಡೆಯೇ ಇಲ್ಲ.