ಲುವಾರ್ ನದಿ ದಂಡೆಯಲ್ಲಿ ಸೈಕಲ್ ಪ್ರವಾಸ: ಹೊರಡುವವರಿಗೆ ಒಂದಿಷ್ಟು ಮಾತು

ಫ್ರಾನ್ಸಿನಲ್ಲಿ ಸೈಕಲ್ ಟೂರ್ ಅಂದ ತಕ್ಷಣ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ, ದಿನಕ್ಕೆ ಎಷ್ಟು ಕಿಲೋಮೀಟರ್ ತುಳಿಯಬೇಕು ಅಂತ. ಲುವಾರ್ ಕಣಿವೆಯಲ್ಲಿ ಅದು ದೊಡ್ಡ ವಿಷಯವೇ ಅಲ್ಲ. ದಾರಿ ಹೆಚ್ಚುಕಡಿಮೆ ಮಟ್ಟಸ. ನಂದಿ ಬೆಟ್ಟ ಒಮ್ಮೆಯೂ ಹತ್ತದವರೂ 40-50 ಕಿ.ಮೀ. ಆರಾಮಾಗಿ ಹೋಗಬಹುದು. ನಿಜವಾಗಿ ತಲೆಯಲ್ಲಿ ಇಟ್ಟುಕೊಳ್ಳಬೇಕಾದದ್ದು ರೈಲಿನ ಟೈಮು ಮತ್ತು ಅಂಗಡಿ ಬಾಗಿಲು ಹಾಕುವ ಟೈಮು. ಇವೆರಡು ಗೊತ್ತಿದ್ದರೆ ಕಾರು, ಟ್ಯಾಕ್ಸಿ ಯಾವುದರ ಹಂಗೂ ಬೇಕಿಲ್ಲ. ಅಕ್ಕ ಮತ್ತು ನಾನು, ಇಬ್ಬರೂ ನಲವತ್ತು ದಾಟಿದವರು, ಇಬ್ಬರೂ ಸಸ್ಯಾಹಾರಿಗಳು, ಬೆಂಗಳೂರಿನಿಂದ ಹೋಗಿ ಓರ್ಲೆಯಾಂನಿಂದ ಆಂಜೇವರೆಗೆ ಹೀಗೇ ಸುತ್ತಿ ಬಂದೆವು.

ಲುವಾರ್ ಫ್ರಾನ್ಸಿನ ಅತಿ ಉದ್ದದ ನದಿ, 1000 ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ. ಅದರ ಜೊತೆಗೇ ಸಾಗುವ ಸೈಕಲ್ ದಾರಿಗೆ ‘ಲುವಾರ್ ಆ ವೆಲೋ’ ಎಂದು ಹೆಸರು. ನೆವೆರ್ ಊರಿನ ಹತ್ತಿರದಿಂದ ಅಟ್ಲಾಂಟಿಕ್ ಕಡಲ ದಡದವರೆಗೆ ಸುಮಾರು 900 ಕಿ.ಮೀ. ಪೂರ್ತಿ ಮಾಡುವ ಹಟ ಬೇಡ. ಮೊದಲ ಸಲ ಹೋಗುವವರು ಓರ್ಲೆಯಾಂ, ಬ್ಲುವಾ, ಆಂಬ್ವಾಜ್, ತೂರ್, ಸೋಮ್ಯೂರ್, ಆಂಜೇ ಇಷ್ಟು ಹಿಡಿದರೆ ಸಾಕು. ಒಟ್ಟು ಸುಮಾರು 300 ಕಿ.ಮೀ. ವಾರ, ಹತ್ತು ದಿನ ಇದ್ದರೆ ಅವಸರವಿಲ್ಲದೆ ಮುಗಿಯುತ್ತದೆ. ಸುಲ್ಲಿಯಿಂದ ಶಲೋನ್‌ವರೆಗಿನ ಕಣಿವೆಯನ್ನು ಯುನೆಸ್ಕೊ 2000ದಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ನಾವು ತುಳಿದದ್ದು ಹೆಚ್ಚುಕಡಿಮೆ ಅದರೊಳಗೇ ಬರುತ್ತದೆ.

ದಾರಿ ಹೇಗಿದೆ? ಕೆಲವು ಕಡೆ ನೆರೆ ತಡೆಯಲು ಕಟ್ಟಿದ ಏರಿಯ ಮೇಲೆ, ಒಂದು ಕಡೆ ನದಿ, ಇನ್ನೊಂದು ಕಡೆ ತಗ್ಗಿನಲ್ಲಿ ಹೊಲ. ಕೆಲವು ಕಡೆ ಹಳ್ಳಿಯ ಸಣ್ಣ ಡಾಂಬರು ರಸ್ತೆ, ಗಂಟೆಗೆ ಒಂದೆರಡು ಕಾರು. ಇನ್ನು ಕೆಲವು ಕಡೆ ಜಲ್ಲಿ ಮತ್ತು ಮಣ್ಣು, ಮಳೆ ಬಂದರೆ ಕೆಸರು. ಆದ್ದರಿಂದ ರೇಸ್ ಸೈಕಲ್ಲಿನ ತೆಳ್ಳಗಿನ ಟೈರ್ ಬೇಡ, 35 ಮಿ.ಮೀ. ಅಥವಾ ಅದಕ್ಕಿಂತ ದಪ್ಪ ಇರಲಿ. ತಿರುವು ಬಂದಲ್ಲೆಲ್ಲ ಬೋರ್ಡ್ ಇರುತ್ತದೆ. ಇದೇ ದಾರಿ ಕಪ್ಪು ಸಮುದ್ರದವರೆಗೆ ಹೋಗುವ ಯೂರೋವೆಲೋ 6ರ ಭಾಗ, ಹಾಗಾಗಿ 6 ನಂಬರಿನ ಬೋರ್ಡ್ ಕಂಡರೂ ಸರಿಯಾದ ದಾರಿಯಲ್ಲೇ ಇದ್ದೀರಿ ಅಂತ ಅರ್ಥ.

ಸೈಕಲ್ಲನ್ನು ಇಲ್ಲಿಂದ ವಿಮಾನದಲ್ಲಿ ಹೊತ್ತುಕೊಂಡು ಹೋಗಬೇಕಾ? ನನ್ನ ಪ್ರಕಾರ ಸುಮ್ನೆ ಕಷ್ಟ. ಪೆಟ್ಟಿಗೆ ಕಟ್ಟಬೇಕು, ಪ್ಯಾರಿಸ್‌ನಲ್ಲಿ ಬಿಚ್ಚಬೇಕು, ಆ ಪೆಟ್ಟಿಗೆ ಎಲ್ಲಿಡುವುದು ಅನ್ನುವುದೇ ಇನ್ನೊಂದು ತಲೆನೋವು. ಒಂದು ಊರಿನಲ್ಲಿ ಬಾಡಿಗೆಗೆ ತೆಗೆದುಕೊಂಡು ಇನ್ನೊಂದು ಊರಿನಲ್ಲಿ ವಾಪಸ್ ಕೊಡುವ ಅಂಗಡಿಗಳು ಈ ಕಣಿವೆಯಲ್ಲಿ ಇವೆ. ಸೈಕಲ್ಲಿನ ಪಕ್ಕಕ್ಕೆ ನೇತುಹಾಕುವ ಬ್ಯಾಗು, ಬೀಗ, ಪಂಕ್ಚರ್ ಕಿಟ್ ಕೂಡ ಅವರೇ ಕೊಡುತ್ತಾರಾ ಎಂದು ಬುಕ್ ಮಾಡುವಾಗಲೇ ಕೇಳಿ. ನಮ್ಮ ಎತ್ತರದ ಹೆಂಗಸರಿಗೆ ಸಣ್ಣ ಫ್ರೇಮ್ ಬೇಕಾಗುತ್ತದೆ, ಸೆಂಟಿಮೀಟರ್ ಲೆಕ್ಕದಲ್ಲಿ ಎತ್ತರ ಬರೆದು ಕಳಿಸಿ. ಸೀಟು ಮಾತ್ರ ನಿಮ್ಮದೇ ಒಯ್ದರೂ ತಪ್ಪಿಲ್ಲ, ಅಕ್ಕ ಹಾಗೇ ಮಾಡಿದಳು, ಮೂರನೇ ದಿನ ನನಗೆ ಅವಳ ಮೇಲೆ ಹೊಟ್ಟೆಕಿಚ್ಚು.

ಈಗ ರೈಲಿನ ವಿಷಯ. ಓರ್ಲೆಯಾಂನಿಂದ ಆಂಜೇವರೆಗೆ ರೈಲು ಹಳಿಯೂ ನದಿಯ ಪಕ್ಕದಲ್ಲೇ ಹೋಗುತ್ತದೆ. ಕೆಲವೇ ಕಿಲೋಮೀಟರಿಗೆ ಒಂದು ಸಣ್ಣ ಸ್ಟೇಷನ್. ಮಳೆ ಹಿಡಿಯಿತಾ, ಕಾಲು ಸೋತಿತಾ, ಎದುರುಗಾಳಿ ಬಿಡುತ್ತಿಲ್ಲವಾ, ಸೈಕಲ್ ಸಮೇತ ರೈಲು ಹತ್ತಿ ಮುಂದಿನ ಊರಿನಲ್ಲಿ ಇಳಿಯಬಹುದು. ಪ್ರಾಂತೀಯ ರೈಲುಗಳಲ್ಲಿ ಸಾಮಾನ್ಯವಾಗಿ ಸೈಕಲ್ಲಿಗೆ ದುಡ್ಡಿಲ್ಲ, ಆದರೆ ಬೇಸಿಗೆಯಲ್ಲಿ ಕೆಲವು ರೈಲುಗಳಿಗೆ ಸೈಕಲ್ ಜಾಗ ಮೊದಲೇ ಬುಕ್ ಮಾಡಬೇಕು. ಟೈಮು ನೋಡುವಾಗ ಅದನ್ನೂ ನೋಡಿಕೊಳ್ಳಿ. ಟಿಜಿವಿ ಎಂಬ ಅತಿವೇಗದ ರೈಲಿನದು ಬೇರೆ ಕಥೆ. ಕೆಲವದರಲ್ಲಿ ಸೈಕಲ್ಲಿಗೆ ಟಿಕೆಟ್ ಸಿಗುತ್ತದೆ, ಇಲ್ಲದಿದ್ದರೆ ಚಕ್ರ ಬಿಚ್ಚಿ ಚೀಲಕ್ಕೆ ತುಂಬಬೇಕು. ಬಾಡಿಗೆ ಸೈಕಲ್ ಆದರೆ ಈ ರಗಳೆಯೇ ಇಲ್ಲ, ಪ್ಯಾರಿಸ್‌ನ ಓಸ್ತೆರ್ಲಿಟ್ಸ್ ಸ್ಟೇಷನ್ನಿನಿಂದ ಓರ್ಲೆಯಾಂಗೆ ಸುಮಾರು ಒಂದು ಗಂಟೆ, ಬ್ಯಾಗ್ ಹೊತ್ತು ಹೋಗಿ ಅಲ್ಲಿ ಸೈಕಲ್ ಹತ್ತಿದರಾಯಿತು. ಇನ್ನೊಂದು ಮಾತು, ಸಣ್ಣ ಸ್ಟೇಷನ್‌ಗಳಲ್ಲಿ ಲಿಫ್ಟ್ ಇರುವುದಿಲ್ಲ. ಎದುರಿನ ಪ್ಲಾಟ್‌ಫಾರ್ಮ್‌ಗೆ ಹೋಗಲು ಸುರಂಗದ ಮೆಟ್ಟಿಲು ಇಳಿದು ಹತ್ತಬೇಕು. ಲಗೇಜು ಕಡಿಮೆ ಇರಲಿ ಅಂತ ಹೇಳುವುದು ಸೈಕಲ್ ತುಳಿಯಲಿಕ್ಕಲ್ಲ, ಈ ಮೆಟ್ಟಿಲಿಗೆ.

ಎದುರುಗಾಳಿ ಅಂದೆ. ನದಿ ಪೂರ್ವದಿಂದ ಪಶ್ಚಿಮಕ್ಕೆ ಹರಿಯುತ್ತದೆ, ಬಹಳ ಜನ ಅದರ ಜೊತೆಗೇ ಹೋಗುತ್ತಾರೆ. ಇಳಿಜಾರು ಎಷ್ಟು ಸಣ್ಣದೆಂದರೆ ಕಾಲಿಗೆ ಗೊತ್ತೇ ಆಗುವುದಿಲ್ಲ. ಗಾಳಿ ಮಾತ್ರ ಹೆಚ್ಚಾಗಿ ಅಟ್ಲಾಂಟಿಕ್ ಕಡೆಯಿಂದ, ಅಂದರೆ ಮುಖಕ್ಕೇ ಬೀಸುತ್ತದೆ. ಗಾಳಿ ಕಂಡರೆ ಆಗದವರು ಆಂಜೇಯಿಂದ ಶುರು ಮಾಡಿ ಓರ್ಲೆಯಾಂ ಕಡೆ ಬನ್ನಿ. ತಿಂಗಳು ಯಾವುದು ಅಂದರೆ ಮೇ, ಜೂನ್ ಅಥವಾ ಸೆಪ್ಟೆಂಬರ್. ಜೂನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕು. ಜುಲೈ, ಆಗಸ್ಟ್‌ನಲ್ಲಿ ಜನ ಜಾಸ್ತಿ, ಬಿಸಿಲೂ ಜೋರು.

ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ಇನ್ಶೂರೆನ್ಸ್ ಬೇಕು. ಪಾಲಿಸಿ ಮಾಡಿಸುವಾಗ ಸೈಕಲ್ ಪ್ರವಾಸ ಅದರೊಳಗೆ ಬರುತ್ತಾ ಎಂದು ಓದಿ ನೋಡಿ. ಉಳಿಯುವ ಜಾಗದ ದಾಖಲೆಯೂ ಕೇಳುತ್ತಾರೆ, ಆದ್ದರಿಂದ ಕೊನೇ ಗಳಿಗೆಯಲ್ಲಿ ರದ್ದು ಮಾಡಬಹುದಾದ ರೂಮುಗಳನ್ನೇ ಹಿಡಿಯಿರಿ.

ರಸ್ತೆಯ ನಿಯಮ ಸ್ವಲ್ಪ ಗಮನ ಕೊಟ್ಟು ಓದಿ. ಅಲ್ಲಿ ಬಲಗಡೆ ಹೋಗಬೇಕು, ಅದು ಒಂದು ದಿನದಲ್ಲಿ ರೂಢಿಯಾಗುತ್ತದೆ. ಆಗದೆ ಉಳಿಯುವುದು ಹಳ್ಳಿಯೊಳಗಿನ ಕ್ರಾಸುಗಳು. ಬೋರ್ಡ್ ಇಲ್ಲದ ಕ್ರಾಸಿನಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲು ಹೋಗುವ ಹಕ್ಕು. ಅದು ಸಣ್ಣ ಗಲ್ಲಿಯೇ ಆಗಿರಲಿ, ಅಲ್ಲಿಂದ ಬರುವ ಕಾರು ನಿಲ್ಲುವುದೇ ಇಲ್ಲ, ನೀವೇ ನಿಲ್ಲಬೇಕು. ಕಿವಿಗೆ ಇಯರ್‌ಫೋನ್ ಹಾಕಿ ತುಳಿದರೆ 135 ಯೂರೋ ದಂಡ. ಊರಾಚೆ ಕತ್ತಲಾದ ಮೇಲೆ ಹೊಳೆಯುವ ಜಾಕೆಟ್ ಕಡ್ಡಾಯ. ಹೆಲ್ಮೆಟ್ 12 ವರ್ಷದೊಳಗಿನ ಮಕ್ಕಳಿಗೆ ಮಾತ್ರ ಕಡ್ಡಾಯ, ಆದರೂ ಹಾಕಿಕೊಳ್ಳಿ. ಹಿಂದಿನಿಂದ ಬರುವ ಕಾರಿನವರು ಊರಾಚೆ ಒಂದೂವರೆ ಮೀಟರ್ ಬಿಟ್ಟು ಹೋಗಬೇಕೆಂಬ ಕಾನೂನಿದೆ, ಬಹಳ ಜನ ಅದನ್ನು ಪಾಲಿಸುತ್ತಾರೆ ಕೂಡ. ಬೆಂಗಳೂರಿನಲ್ಲಿ ಸೈಕಲ್ ತುಳಿದು ಅಭ್ಯಾಸ ಇರುವವರಿಗೆ ಕಾರೊಂದು ಹಿಂದೆ ತಾಳ್ಮೆಯಿಂದ ಕಾಯುವುದೇ ಗಾಬರಿ ಹುಟ್ಟಿಸುತ್ತದೆ!

ಇನ್ನು ಹೊಟ್ಟೆ. ಹಳ್ಳಿಯ ಹೋಟೆಲುಗಳಲ್ಲಿ ಮಧ್ಯಾಹ್ನದ ಊಟ ಹನ್ನೆರಡಕ್ಕೆ ಶುರು, ಎರಡಕ್ಕೆ ಅಡುಗೆಮನೆ ಬಂದ್. ಮತ್ತೆ ತೆಗೆಯುವುದು ಸಂಜೆ ಏಳಕ್ಕೆ. ಎರಡೂವರೆಗೆ ಹಸಿದು ಹೋದರೆ ಕಾಫಿ ಬಿಟ್ಟು ಏನೂ ಸಿಗುವುದಿಲ್ಲ. ಸಣ್ಣ ಅಂಗಡಿಗಳೂ ಮಧ್ಯಾಹ್ನ ಮುಚ್ಚುತ್ತವೆ. ಭಾನುವಾರ ಮಧ್ಯಾಹ್ನದ ಮೇಲೆ ಮತ್ತು ಸೋಮವಾರ ಹಳ್ಳಿ ಪೂರ್ತಿ ನಿದ್ದೆ. ಬೇಕರಿಗಳಿಗೆ ವಾರಕ್ಕೊಂದು ರಜೆ, ಯಾವ ದಿನ ಅನ್ನುವುದು ಊರಿಂದೂರಿಗೆ ಬೇರೆ. ಆದ್ದರಿಂದ ಬೆಳಿಗ್ಗೆ ಹೊರಡುವಾಗಲೇ ಬ್ರೆಡ್ಡು, ಚೀಸು, ಟೊಮೇಟೊ, ಹಣ್ಣು ಬ್ಯಾಗಿಗೆ ಹಾಕಿಕೊಳ್ಳಿ. ಶನಿವಾರ ಸಂಜೆ ಎರಡು ದಿನದ ಸಾಮಾನು ತಂದಿಟ್ಟುಕೊಳ್ಳಿ. ಅಂಗಡಿಗೆ ಕಾಲಿಟ್ಟ ತಕ್ಷಣ ‘ಬೋಂಜೂರ್’ ಅನ್ನಬೇಕು, ಅದಿಲ್ಲದೆ ನೇರ ಬೆಲೆ ಕೇಳಿದರೆ ಮುಖ ಗಂಟಾಗುತ್ತದೆ.

ಸಸ್ಯಾಹಾರಿಗಳಿಗೆ ಕಷ್ಟ ಇದೆ, ಆದರೆ ಉಪವಾಸ ಇಲ್ಲ. ಬಿಸಿ ಮೇಕೆ ಚೀಸಿನ ಸಲಾಡ್ ಎಲ್ಲ ಕಡೆ ಸಿಗುತ್ತದೆ, ಅದರಲ್ಲಿ ಹಂದಿಮಾಂಸದ ಚೂರು ಉದುರಿಸುವ ಅಭ್ಯಾಸ ಇದೆ, ಮೊದಲೇ ಬೇಡ ಅನ್ನಿ. ‘ಸಾಂ ವಿಯಾಂದ್, ಸಾಂ ಪ್ವಾಸೋಂ’, ಮಾಂಸ ಬೇಡ, ಮೀನು ಬೇಡ, ಇದನ್ನು ಬಾಯಿಪಾಠ ಮಾಡಿಕೊಳ್ಳಿ. ತೂರ್ ಸೀಮೆಯ ಸೇಂತ್-ಮೋರ್ ಮೇಕೆ ಚೀಸು ಉದ್ದನೆ ಕೊರಡಿನಂತೆ ಇರುತ್ತದೆ, ನಡುವೆ ಒಂದು ಹುಲ್ಲುಕಡ್ಡಿ. ಬಹಳ ರುಚಿ. ಆದರೆ ಇಂಥ ಚೀಸುಗಳನ್ನು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪಿನಿಂದ ಮಾಡುವುದೇ ಹೆಚ್ಚು, ಕಟ್ಟುನಿಟ್ಟಿನವರಿಗೆ ಗೊತ್ತಿರಲಿ. ಸೋಮ್ಯೂರ್ ಸುತ್ತ ಗುಹೆಯೊಳಗಿನ ಹೋಟೆಲುಗಳಲ್ಲಿ ‘ಫುಏ’ ಎಂಬ ಸಣ್ಣ ರೊಟ್ಟಿ ಕೊಡುತ್ತಾರೆ. ಸೌದೆ ಒಲೆಯಿಂದ ಪೂರಿಯ ಹಾಗೆ ಉಬ್ಬಿ ಬರುತ್ತದೆ. ಸೀಳಿ ಒಳಗೆ ಬಿಳಿ ಅವರೆ ಥರದ ಕಾಳಿನ ಪಲ್ಯ, ಮೇಕೆ ಚೀಸು, ಅಣಬೆ ತುಂಬಿ ತಿನ್ನುವುದು. ಅವರೆಕಾಳಿನ ಪಾತ್ರೆಯಲ್ಲಿ ಮಾಂಸದ ರಸ ಇದೆಯಾ ಎಂದು ಮಾತ್ರ ಕೇಳಿ.

ಮನೆಯಿಂದ ಒಯ್ಯಬೇಕಾದ ಒಂದೇ ಒಂದು ತಿನಿಸು ಅಂದರೆ ಪುಳಿಯೋಗರೆ ಗೊಜ್ಜು. ಅಲ್ಲಿಯ ಸೂಪರ್ ಮಾರ್ಕೆಟ್‌ನಲ್ಲಿ ಕೂಸ್‌ಕೂಸ್ ಎಂಬ ಗೋಧಿ ರವೆ ಥರದ್ದು ಸಿಗುತ್ತದೆ, ಬಿಸಿನೀರು ಹಾಕಿ ಐದು ನಿಮಿಷ ಮುಚ್ಚಿಟ್ಟರೆ ಬೆಂದಿರುತ್ತದೆ, ಅದಕ್ಕೆ ಗೊಜ್ಜು ಕಲಸಿ. ಕಡಲೆಬೀಜ ಅಲ್ಲೇ ಸಿಗುತ್ತದೆ. ನೀರು ಕಾಯಿಸುವ ಸಣ್ಣ ಒಲೆಯ ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ಬಿಡುವುದಿಲ್ಲ, ಅದನ್ನೂ ಅಲ್ಲೇ ಕೊಳ್ಳಿ. ಕುಡಿಯುವ ನೀರು ಮುಗಿದರೆ ಊರಿನ ಸ್ಮಶಾನ ಹುಡುಕಿ, ನಗಬೇಡಿ, ಫ್ರಾನ್ಸಿನ ಸ್ಮಶಾನಗಳಲ್ಲಿ ಹೂಗಿಡಕ್ಕೆ ನೀರು ಹಾಕಲು ನಲ್ಲಿ ಇರುತ್ತದೆ. ‘ನೋಂ ಪೊತಾಬ್ಲ್’ ಎಂಬ ಫಲಕ ಇದ್ದರೆ ಮಾತ್ರ ಕುಡಿಯಬೇಡಿ.

ಅರಮನೆಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ, ದಿನಕ್ಕೆ ಒಂದರ ಮೇಲೆ ನೋಡಬೇಡಿ ಅಷ್ಟೇ. 1519ರಲ್ಲಿ ರಾಜ ಒಂದನೇ ಫ್ರಾನ್ಸ್ವಾ ಕಟ್ಟಲು ಶುರು ಮಾಡಿದ ಶಾಂಬೋರ್ ಅರಮನೆಗೆ ಸೈಕಲ್ಲಿನಲ್ಲಿ ಹೋಗುವುದೇ ಚೆಂದ. ಅದರ ಕಾಡಿನ ಸುತ್ತ 32 ಕಿ.ಮೀ. ಗೋಡೆ ಇದೆ. ಆ ಕಾಡಿನೊಳಗೆ ಮರಗಳ ನಡುವೆ ತುಳಿದುಕೊಂಡು ಹೋದಾಗ ಅರಮನೆ ಒಮ್ಮೆಲೇ ಎದುರಾಗುತ್ತದೆ. ಬಸ್ಸಿನಲ್ಲಿ ಬಂದವರಿಗೆ ಮೊದಲು ಕಾಣುವುದು ಪಾರ್ಕಿಂಗ್ ಜಾಗ. ಲಿಯೊನಾರ್ಡೊ ಡಾ ವಿಂಚಿ ಅದೇ 1519ರಲ್ಲಿ ತೀರಿಕೊಂಡ ಮನೆ ಆಂಬ್ವಾಜ್‌ನಲ್ಲಿದೆ. ಬ್ಲುವಾಕ್ಕೆ ಬರುವ ಮೊದಲು ಸೇಂ-ಲೋರಾಂ ಅಣು ವಿದ್ಯುತ್ ಸ್ಥಾವರದ ಹತ್ತಿರವೂ ದಾರಿ ಹೋಗುತ್ತದೆ. ಪ್ರವಾಸಿ ಪುಸ್ತಕಗಳು ಇದರ ಫೋಟೊ ಹಾಕುವುದಿಲ್ಲ.

ದ್ರಾಕ್ಷಿ ತೋಟ ನೋಡಲೆಂದೇ ಹೋಗುವವರು ಆಂಬ್ವಾಜ್ ದಾಟಿದ ಮೇಲೆ ನಿಧಾನ ಮಾಡಿ. ದಕ್ಷಿಣ ದಡದಲ್ಲಿ ಮೋಂಲೂಯಿ, ಎದುರು ದಡದಲ್ಲಿ ವೂವ್ರೇ. ಎರಡೂ ಕಡೆ ಶೆನಾಂ ಬ್ಲಾಂ ಎಂಬ ಬಿಳಿ ದ್ರಾಕ್ಷಿ. ತೂರ್ ದಾಟಿ ಶಿನೋಂ, ಬುರ್ಗೋಯ್ ಕಡೆ ಬಂದರೆ ಕಾಬೆರ್ನೆ ಫ್ರಾಂ ಎಂಬ ಕಪ್ಪು ದ್ರಾಕ್ಷಿ. ಹಲವು ತೋಟಗಳು ಇರುವುದು ನದಿಯ ಮಟ್ಟದಲ್ಲಲ್ಲ, ಮೇಲಿನ ದಿಣ್ಣೆಯಲ್ಲಿ. ಮಟ್ಟಸ ದಾರಿಯಲ್ಲಿ ಏದುಸಿರು ಬರುವುದು ಇಲ್ಲಿ ಮಾತ್ರ. ಇಳಿದು ತಳ್ಳಿಕೊಂಡು ಹೋಗಲು ನಾಚಿಕೆ ಬೇಡ. ಕಾಂದ್-ಸೇಂ-ಮಾರ್ತಾಂನಲ್ಲಿ ವಿಯೆನ್ ನದಿ ಬಂದು ಲುವಾರ್ ಸೇರುತ್ತದೆ, ಊರ ಮೇಲಿನ ದಿಣ್ಣೆಗೆ ಹತ್ತಿ ಆ ಸಂಗಮ ನೋಡಿ. ಅಲ್ಲಿಂದ ಸೋಮ್ಯೂರ್‌ವರೆಗಿನ ತುಂಡು ಇಡೀ ಪ್ರವಾಸದಲ್ಲೇ ನನಗೆ ಹೆಚ್ಚು ಹಿಡಿಸಿದ್ದು. ತ್ಯುಫೋ ಎಂಬ ಮೆತ್ತನೆ ಬಿಳಿ ಸುಣ್ಣಕಲ್ಲಿನ ಬಂಡೆ, ಅರಮನೆ ಕಟ್ಟಲು ಕಲ್ಲು ತೆಗೆದು ಉಳಿದ ಗುಹೆಗಳು, ಆ ಗುಹೆಗಳಲ್ಲಿ ಮನೆ, ಅಣಬೆ ಬೆಳೆ, ವೈನ್ ಪೀಪಾಯಿ. ಸೂಜೇ-ಶಾಂಪಿನ್ಯಿಯಲ್ಲಿ ಸೈಕಲ್ ದಾರಿಯೇ ಗುಹೆಯೊಳಗೆ ನುಗ್ಗಿ ಆಚೆ ಬರುತ್ತದೆ. ಒಳಗೆ ತಣ್ಣಗಿರುತ್ತದೆ, ಬೆವರಿದ ಮೈಗೆ ಒಂದು ಸ್ವೆಟರ್ ಕೈಗೆ ಸಿಗುವಂತೆ ಇಟ್ಟುಕೊಳ್ಳಿ.

ವೈನ್ ರುಚಿ ನೋಡಲು ಹೋಗುವುದಿದ್ದರೆ ಆ ದಿನದ ತುಳಿತ ಮುಗಿಸಿ ಹೋಗಿ. ಕುಡಿದು ವಾಹನ ಓಡಿಸಬಾರದೆಂಬ ಮಿತಿ, ರಕ್ತದಲ್ಲಿ ಲೀಟರಿಗೆ 0.5 ಗ್ರಾಂ, ಅಲ್ಲಿ ಸೈಕಲ್ಲಿಗೂ ಇದೆ. ರುಚಿ ನೋಡಿ ಉಗುಳಲು ಒಂದು ಪಾತ್ರೆ ಇಟ್ಟಿರುತ್ತಾರೆ, ಉಗುಳಿದರೆ ಅವಮಾನ ಅಂತ ಯಾರೂ ತಿಳಿಯುವುದಿಲ್ಲ. ಅಕ್ಕ ಕುಡಿಯುವುದಿಲ್ಲ, ಅವಳಿಗೆ ಒಂದೆರಡು ಕಡೆ ಅದೇ ತೋಟದ ದ್ರಾಕ್ಷಿ ರಸ ಕೊಟ್ಟರು. ಸಣ್ಣ ತೋಟದವರಿಗೆ ಫೋನ್ ಮಾಡದೆ ಹೋಗಬೇಡಿ, ಅದರಲ್ಲೂ ಸೆಪ್ಟೆಂಬರ್‌ನಲ್ಲಿ. ಅದು ಕೊಯ್ಲಿನ ಕಾಲ, ಅವರಿಗೆ ಮಾತಾಡಲು ಪುರುಸೊತ್ತು ಇರುವುದಿಲ್ಲ. ಬಾಟಲಿ ಕೊಳ್ಳುವ ಆಸೆ ಇದ್ದರೆ ಕೊನೆಯ ಊರಿನವರೆಗೆ ತಡೆದುಕೊಳ್ಳಿ, ಒಂದು ತುಂಬಿದ ಬಾಟಲಿ ಒಂದು ಕಿಲೋಗಿಂತ ಜಾಸ್ತಿ ತೂಗುತ್ತದೆ. ಭಾರತಕ್ಕೆ ಬರುವಾಗ ದೊಡ್ಡವರಿಗೆ ತಲಾ 2 ಲೀಟರ್‌ವರೆಗೆ ಸುಂಕವಿಲ್ಲ.

ಉಳಿಯಲು ‘ಆಕ್ವೆಯ್ ವೆಲೋ’ ಎಂಬ ಫಲಕ ಇರುವ ಜಾಗ ಹುಡುಕಿ. ಸೈಕಲ್ ಇಡಲು ಬೀಗದ ಕೋಣೆ, ರಿಪೇರಿ ಸಾಮಾನು ಇದ್ದವರಿಗೆ ಕೊಡುವ ಗುರುತು ಅದು. ಊರಿನ ಪುರಸಭೆ ನಡೆಸುವ ಕ್ಯಾಂಪಿಂಗ್ ಜಾಗಗಳು ಅಗ್ಗ, ಸ್ನಾನಕ್ಕೆ ಬಿಸಿನೀರೂ ಇರುತ್ತದೆ. ನದಿಯಲ್ಲಿ ಮಾತ್ರ ಇಳಿಯಬೇಡಿ. ಮೊಣಕಾಲುದ್ದ ನೀರು, ಅಗಲವಾದ ಮರಳು ದಿಣ್ಣೆ ನೋಡಿದರೆ ಆಸೆ ಆಗುತ್ತದೆ, ಆದರೆ ಅಡಿಯ ಮರಳು ಜಾರುತ್ತಲೇ ಇರುತ್ತದೆ, ಒಳಗೆ ಸೆಳೆತ ಜೋರು. ಹಲವು ಕಡೆ ಈಜು ನಿಷೇಧ.

ಆಂಜೇ ಹತ್ತಿರ ಬಂದಾಗ ಕಲ್ಲಿನ ಬಣ್ಣ ಬದಲಾಗುತ್ತದೆ, ಬಿಳಿ ಕಲ್ಲು ಹೋಗಿ ಕಪ್ಪು ಪಾಟಿ ಕಲ್ಲು. ತ್ರೆಲಾಜೇ ಕಡೆ ಅದರ ಹಳೇ ಗಣಿಗಳಿವೆ. ಊರೊಳಗಿನ ಕೋಟೆಯಲ್ಲಿ 14ನೇ ಶತಮಾನದ ಉದ್ದನೆಯ ನೇಯ್ಗೆ ಚಿತ್ರ ಇದೆ, 100 ಮೀಟರಿಗೂ ಜಾಸ್ತಿ. ಅದಕ್ಕೆ ಅರ್ಧ ದಿನ ಇಡಿ. ಆದರೆ ಮೊದಲು ಸೈಕಲ್ ವಾಪಸ್ ಕೊಡಿ, ಹನ್ನೆರಡರೊಳಗೆ. ಬಾಡಿಗೆ ಅಂಗಡಿಯವರೂ ಊಟಕ್ಕೆ ಬಾಗಿಲು ಹಾಕುತ್ತಾರೆ, ಪ್ಯಾರಿಸ್ ರೈಲು ಅವರಿಗಾಗಿ ಕಾಯುವುದಿಲ್ಲ.